ದಿನಕ್ಕೆ ಎಷ್ಟು ಕಡಕ್ ಚೀಲ

ವಾಡಿ ಜಂಕ್ಷನ್ನಿನಲ್ಲಿ ಸೇಡಂ ರೈಲಿಗೆ ಕಾಯುತ್ತಿದ್ದ ಬಸವೇಶ್ವರಿಯ ಬೆಂಚಿಗೇ ಆ ಗಂಡ ಹೆಂಡತಿ ಬಂದರು. ಕೂತವಳು ಹೆಂಡತಿ ಭೀಮಬಾಯಿ ಮಾತ್ರ. ಗಂಡ ಕೂರುವುದು, ಏಳುವುದು, ಹಳಿಯ ಕಡೆ ಇಣುಕುವುದು. ಕಿಡ್ನಿ ಕೆಟ್ಟ ಅವನಿಗೆ ಮನೆಯಲ್ಲೇ ಹೊಟ್ಟೆಗೆ ಚೀಲದ ನೀರು ತುಂಬಿ ಇಳಿಸುವ ಡಯಾಲಿಸಿಸ್ ನಡೆದಿದೆ ಎಂಬುದು ಮಾತಿನಲ್ಲೇ ತಿಳಿಯಿತು.

“ಡಾಕ್ಟರ್ ಕೇಳಿದ್ರ ಕಡಕ್ ಚೀಲ ದಿನಕ್ಕ ಒಂದ ಅನ್ನು, ಭೀಮಾ.”

“ಮೂರು ಹಾಕೀವಲ್ರಿ.”

“ಕಲ್ಲಿನ ಖಣಿ ಬಿಸಲಾಗ ನೀರಡಿಕಿ ಆಗ್ತದ, ಕುಡೀತೀನಿ. ಅದು ಹೊರಗ ಬರಬೇಕಂದ್ರ ನೀರು ಜೋರ ಜಗ್ಗೋ ಕಡಕ್ ಚೀಲನ ಬೇಕು.”

“ಅದರಾಗ ಸಕ್ಕರಿ ಭಾಳ. ಹೊಟ್ಟಿ ಒಳಗಿನ ತೆಳು ಪರದಿಗಿ ದಿನಾ ಗಾಯ ಆಗಿ, ಮಾಯೋದ್ರಾಗ ನಾರು ಬೆಳೀತದಂತ ನರ್ಸಬಾಯಿ ಹೇಳಿಲ್ಲೇನು?”

“ಚಾದಾಗಿನ ಸಕ್ಕರಿ ಬಿಡಿಸಿದಾಕಿ, ಹೊಟ್ಟಿಗಿ ನೀನ ಸುರೀತಿ ನೋಡು.”

“ನಗಬ್ಯಾಡ್ರಿ. ಈಗ ತುಂಬಿದಷ್ಟೂ ನೀರು ಹೊರಗ ಬರವಲ್ದು.”

“ಹೋದ ವರ್ಷ ಹೊಟ್ಟ್ಯಾಗ ಸೋಂಕಾಗಿತ್ತಲ್ಲ, ಅದರಿಂದ ಇರಬೇಕು.”

“ಅದರಿಂದನೂ ಆಗ್ತದಂತ. ಎಲ್ಲಾ ಅದರ ಮ್ಯಾಲೆ ಹಾಕಬ್ಯಾಡ್ರಿ.”

“ಪರದಿ ಕೆಟ್ಟದ ಅಂದ್ರ ವಾರಕ್ಕ ಮೂರು ದಿನ ಕಲಬುರಗಿ ದವಾಖಾನ್ಯಾಗ ರಕ್ತ ತೊಳಿಯೋ ಮಿಷನ್ನಿಗಿ ಹಚ್ತಾರ. ಖಣಿ ಕೆಲಸ ಹೋಯ್ತಂತ ತಿಳಿ.”

“ಒಂದ ಅಂತ ಸುಳ್ಳು ಹೇಳಿದ್ರ, ಅವರು ಒಂದು ಸಾಲವಲ್ದಂತ ಇನ್ನೂ ಎರಡು ಕಡಕ್ ಬರದು ಕೊಡ್ತಾರ. ಆಮ್ಯಾಲೆ ಪರದಿನೂ ಉಳಿಯಂಗಿಲ್ಲ, ನೀವೂ ಉಳಿಯಂಗಿಲ್ಲ.”

ಕಲಬುರಗಿ ರೈಲು ಬಂದು ನಿಂತಿತು. ಅಷ್ಟು ಹೊತ್ತು ಅದಕ್ಕಾಗಿ ಇಣುಕಿದವನು ಈಗ ಹತ್ತದೆ ಬಾಗಿಲ ಹಿಡಿಕೆ ಹಿಡಿದು ನಿಂತ.

“ಮೂರು ಅಂತ ನೀನ ಹೇಳು. ಹೇಳುವಾಗ ನನ್ನ ಮಾರಿ ನೋಡಬ್ಯಾಡ.”

“ನೋಡಂಗಿಲ್ಲ, ಹತ್ರಿ,” ಎಂದು ಭೀಮಬಾಯಿ ಅವನ ಬೆನ್ನಿಗೆ ಕೈಯಿಟ್ಟಳು.