ಅಪ್ಪನ ಮುಖಕ್ಕೆ ಬಿಟ್ಟ ಬೆಳಕು

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಸಾಗರದ ಬಸ್ಸಿಗೆ ಕಾಯುತ್ತಿದ್ದ ಮೀನಾಳ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಐವತ್ತು ದಾಟಿದ ಹೆಂಗಸೊಬ್ಬಳು ಮುದುಕರೊಬ್ಬರ ಗುರುತು ಹಿಡಿದಿದ್ದಳು.

“ಶಿಕಾರಿಪುರದ ಸ್ಟುಡಿಯೋ ಉಜ್ಜಪ್ಪಣ್ಣ ಅಲ್ವೇನ್ರೀ? ನಾನು ಜಡೆ ಊರಿನ ವರದಮ್ಮ. ನನ್ನ ಮದುವೆ ಫೋಟೋ ತೆಗೆದೋರು ನೀವೇ.”

“ನಿಮ್ಮಪ್ಪನ ಫೋಟೋ ಕೆಡಿಸಿದೋನೂ ನಾನೇ ಕಣಮ್ಮ. ರೀಲಿನಾಗೆ ಕೊನೇದೊಂದು ಉಳಿದಿತ್ತು. ಅವರದ್ದು ಕಪ್ಪು ಮುಖ, ಹೆಗಲ ಮ್ಯಾಲೆ ಬಿಳಿ ಶಲ್ಯ, ಹಿಂದೆ ಸುಣ್ಣದ ಗೋಡೆ. ಮುಖ ಕಾಣ್ಲಿ ಅಂತ ಬೆಳಕು ಜಾಸ್ತಿ ಬಿಟ್ಟೆ. ಶಲ್ಯ, ಗೋಡೆ ಎಲ್ಲಾ ಒಂದೇ ಬಿಳುಪಾಗಿ ಹೋತು.”

“ಚಿಕ್ಕಪ್ಪ ನಿಮಗೆ ಬೈದಿದ್ರು, ನೆನಪಿದೆ.”

“ಈಗಿನ ಕ್ಯಾಮೆರಾದಾಗಾದ್ರೆ ಅಲ್ಲೇ ನೋಡಿ ಇನ್ನೊಂದು ತೆಗೀಬಹುದು. ಆವಾಗ ರೀಲು ತೊಳೆದ ಮ್ಯಾಲೇ ಗೊತ್ತಾಗೋದು. ಇಷ್ಟು ವರ್ಷ ಮನಸ್ಸು ಕೊರೀತಾ ಐತಿ.”

“ಅಯ್ಯೋ, ಅಪ್ಪನ ಬೇರೆ ಫೋಟೋದಲ್ಲೆಲ್ಲ ಬಟ್ಟೆ ಚೆಂದ ಬಂದಿದೆ, ಮುಖ ಬರೀ ಮಸಿ. ಕಣ್ಣು ಕಾಣೋದು ನೀವು ತೆಗೆದಿದ್ದರಲ್ಲಿ ಮಾತ್ರ. ಕಣ್ಣಂಚಲ್ಲಿ ನೀರಿದ್ದದ್ದೂ ಕಾಣತ್ತೆ. ನನ್ನ ಕಳಿಸಿಕೊಡೋವಾಗ ಅಪ್ಪ ಅತ್ತಿದ್ದು ನನಗೆ ಗೊತ್ತಾಗಿದ್ದೇ ಅದರಿಂದ.”

ಮುದುಕರು ಅವಳ ಕಡೆ ತಿರುಗಿ ಕೂತರು.

“ಅದು ಇನ್ನೂ ಐತೇನಮ್ಮ?”

“ಜಡೇಲಿ ನಮ್ಮ ನಡುಮನೆ ಗೋಡೆ ಮೇಲೇ ಇದೆ.”

ಉಜ್ಜಪ್ಪ ಹೋಗಬೇಕಿದ್ದ ಶಿಕಾರಿಪುರದ ಬಸ್ಸು ಬಂತು, ನಿಂತಿತು, ಹೊರಟೂ ಹೋಯಿತು. ಅವರು ಏಳಲಿಲ್ಲ. ಜಡೆ ಬಸ್ಸು ಬಂದಾಗ ಮಾತ್ರ ಎದ್ದು, ವರದಮ್ಮನ ಹಿಂದೆಯೇ ಹತ್ತಿಕೊಂಡರು.