ಐದು ಗಂಟೆಗೆ ತಮಟೆ ಬಾರಿಸಲಿಲ್ಲ

ಈ ಸಂಜೆಯ ಬೀಳ್ಕೊಡುಗೆ ಸಭೆಯ ಅಧ್ಯಕ್ಷ ಪೀಠದಲ್ಲಿರುವ ಪಂಚಾಯ್ತಿ ಛೇರ್ಮನ್ನರಾದ ಶ್ರೀ ತಿಮ್ಮಯ್ಯನವರೇ, ಬಿಸಿಲಿನಲ್ಲಿ ಸೈಕಲ್ ತುಳಿದು ದಯಮಾಡಿಸಿರುವ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರೇ, ವಕೀಲರಾದ ಶ್ರೀ ಶಂಭುಲಿಂಗಪ್ಪನವರೇ, ಕುರುಬರಹಳ್ಳಿಯಿಂದಲೂ ಮಾಗಡಿ ರಸ್ತೆಯ ಕಡೆಯಿಂದಲೂ ನಡೆದು ಬಂದಿರುವ ಹಿರಿಯರೇ, ಎಡಗಡೆ ಚಾಪೆಯ ಮೇಲೆ ಕುಳಿತಿರುವ ತಾಯಂದಿರೇ, ಇಳಿಯಿರಿ ಎಂದರೂ ಕಿಟಕಿಯಿಂದ ಇಳಿಯದ ನನ್ನ ವಿದ್ಯಾರ್ಥಿಗಳೇ, ಸಭಿಕರೇ,

ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದವನಿಗೆ ಹಾರ ಹೊತ್ತು ಅಭ್ಯಾಸವಿಲ್ಲ. ಹಾರದ ಕೆಳಗೆ ಶಾಲು, ಶಾಲಿನ ಕೆಳಗೆ ಕೋಟು, ಹೊರಗೆ ಏಪ್ರಿಲ್ ತಿಂಗಳ ಸೆಕೆ. ಪಾಪ, ಮೇಷ್ಟ್ರು ಬೇಗ ಮುಗಿಸುತ್ತಾರೆ ಎಂದು ಯಾರಾದರೂ ಎಣಿಸಿದ್ದರೆ, ನನ್ನ ತರಗತಿಯಲ್ಲಿ ಕೂತಿದ್ದವರನ್ನು ಕೇಳಿ ನೋಡಿ.

ಈಗ ತಾನೇ ತಿಮ್ಮಯ್ಯನವರು ನನ್ನ ಬಗ್ಗೆ ಮಾತಾಡಿದರು. "ಬಾವಿ ಗಲಾಟೆಯ ಕೇಸಿನಲ್ಲಿ ನಮ್ಮ ರೇವಣಸಿದ್ದಪ್ಪ ಮೇಷ್ಟ್ರು ಕೋರ್ಟಿನಲ್ಲಿ ನಿಜ ಹೇಳಿ ಇಪ್ಪತ್ತಮೂರು ಜನರನ್ನು ಉಳಿಸಿದರು" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅದನ್ನು ವಿನಯ ಎಂದುಕೊಂಡಿರಬೇಕು. ವಿನಯವಲ್ಲ, ಸ್ವಾಮಿ. ತಿಮ್ಮಯ್ಯನವರು ಹೇಳಿದ್ದು ಅರ್ಧ. ಉಳಿದರ್ಧ ಪೂರ್ತಿಯಾಗಿ ಗೊತ್ತಿರುವುದು ನನಗೆ, ನನ್ನ ಮನೆಯವರಿಗೆ ಮತ್ತು ಇನ್ನೊಬ್ಬರಿಗೆ. ಇವತ್ತು ಹೇಳದಿದ್ದರೆ ಇನ್ನು ಯಾವತ್ತು ಹೇಳಲಿ?

ಎರಡು ವರ್ಷದ ಹಿಂದೆ, ಸಾವಿರದ ಒಂಬೈನೂರ ಐವತ್ತನಾಲ್ಕರ ಬೇಸಿಗೆಯ ಮೊದಲು, ಹೊಸ ಬಡಾವಣೆಯ ರಸ್ತೆ ನಮ್ಮೂರಿನ ಬಾಗಿಲಿಗೆ ಬಂತು. ರಸ್ತೆ ಬೇಡ ಎಂದವರು ಯಾರೂ ಇಲ್ಲ. ಆದರೆ ಆ ರಸ್ತೆ ನಮ್ಮ ಸೇದೋ ಬಾವಿಯ ಮೇಲೇ ಹೋಗಬೇಕು ಎಂದಾಯಿತು. ಬಾವಿಗೆ ಮುಳ್ಳುತಂತಿ ಸುತ್ತಿದರು. ಬದಲಿಗೆ ನಲ್ಲಿ ಹಾಕಿಸುತ್ತೇವೆ ಎಂದರು. ನಲ್ಲಿಯೂ ಬಂತು, ನೀರು ಬರಲಿಲ್ಲ. ಹೆಂಗಸರು ಎರಡು ಫರ್ಲಾಂಗು ನಡೆದು ಹೊಲದ ಬಾವಿಯಿಂದ ನೀರು ಹೊತ್ತರು. ಅರ್ಜಿ ಕೊಟ್ಟೆವು. ಆ ಅರ್ಜಿ ಬರೆದವನು ನಾನೇ. ಬಹಳ ಚೆನ್ನಾಗಿ ಬರೆದಿದ್ದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಆಗ ಸೊಪ್ಪು ಮಾರುವ ಹನುಮಕ್ಕ ಒಂದು ಬೆಳಿಗ್ಗೆ ಖಾಲಿ ಬಿಂದಿಗೆ ತಂದು ರಸ್ತೆಗೆ ಹಾಸಿದ್ದ ಜಲ್ಲಿಯ ಮೇಲೆ ಇಟ್ಟು, ಅದರ ಪಕ್ಕ ಕುಳಿತುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮೂವತ್ತು ಬಿಂದಿಗೆಗಳಾದವು. ಗಂಡಸರೂ ಬಂದು ಕುಳಿತರು. ಹನುಮಕ್ಕನವರು ಹೇಳಿದ ಮಾತು ನನ್ನ ಶಾಲೆಯ ಜಗಲಿಗೆ ಕೇಳಿಸುತ್ತಿತ್ತು: "ಯಾರೂ ಕಲ್ಲು ಮುಟ್ಟಂಗಿಲ್ಲ ಕಣ್ರವ್ವ. ಕೈಯಲ್ಲಿ ಬಿಂದಿಗೆ ಇರ್ಲಿ, ಬಾಯಲ್ಲಿ ಬೈಗುಳ ಬ್ಯಾಡ. ಅವ್ರು ಬಂದು ಕೇಳಿದ್ರೆ ನೀರು ಬೇಕು ಅನ್ನಿ, ಅಷ್ಟೇಯ." ಮೂರು ದಿನ ಹಾಗೆಯೇ ಕುಳಿತರು. ಮೂರು ದಿನದಲ್ಲಿ ಒಂದು ಕಲ್ಲೂ ಏಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಎರಡು ಲಾರಿ ಪೊಲೀಸಿನವರು ಬಂದರು. ಅಧಿಕಾರಿಯೊಬ್ಬರು ಲಾರಿಯ ಮೇಲೆ ನಿಂತು ಕಾಗದ ಓದಿದರು. ನಿಷೇಧಾಜ್ಞೆ ಜಾರಿಯಲ್ಲಿದೆ, ಐದು ನಿಮಿಷದಲ್ಲಿ ಚದುರಿ, ಎಂದರು. ಎಷ್ಟು ಹೊತ್ತು ಕಾದರು? ಅದಕ್ಕೆ ನನ್ನ ಹತ್ತಿರ ಗಡಿಯಾರ ಬೇಕಿಲ್ಲ. ಎರಡನೇ ತರಗತಿಯವರು ಆಗಷ್ಟೇ ಎರಡರ ಮಗ್ಗಿ ಶುರು ಮಾಡಿದ್ದರು. ಎರಡೇಳ್ಲ ಹದಿನಾಲ್ಕು ಎನ್ನುವ ಹೊತ್ತಿಗೆ ಲಾಠಿಯ ಸದ್ದು. ಬಿಂದಿಗೆ ಉರುಳಿದ ಸದ್ದು. ಹೆಂಗಸರ ಕೂಗು. ಮಕ್ಕಳು ಮಗ್ಗಿ ನಿಲ್ಲಿಸಿ ನನ್ನ ಮುಖ ನೋಡಿದರು. ಆ ಮಕ್ಕಳಲ್ಲಿ ಆರು ಜನರ ತಾಯಂದಿರು ಹೊರಗಿದ್ದರು. ನಾನೇನು ಮಾಡಿದೆ? ಎದ್ದು ಕಿಟಕಿ ಮುಚ್ಚಿಸಿದೆ. "ಮುಂದೆ ಹೇಳಿ" ಎಂದೆ.

ಹನುಮಕ್ಕನವರ ಮಣಿಕಟ್ಟು ಮುರಿಯಿತು. ಇಪ್ಪತ್ತಮೂರು ಜನರನ್ನು ಲಾರಿಗೆ ಹತ್ತಿಸಿದರು. ಅವರಲ್ಲಿ ಹನ್ನೊಂದು ಜನ ಹೆಂಗಸರು, ಒಬ್ಬಳಂತೂ ಬಾಣಂತಿ. ಜಾಮೀನು ಸಿಗುವಾಗ ಒಂಬತ್ತು ದಿನವಾಗಿತ್ತು.

ಲಾಠಿ ಬೀಸಿದ ದಿನವೇ ಮಧ್ಯಾಹ್ನ ಸಬ್ ಇನ್ಸ್‌ಪೆಕ್ಟರು ಶಾಲೆಗೆ ಬಂದರು. ಅವರ ಹೆಸರು ಬೇಡ. ಸಭ್ಯಸ್ಥರೇ ಸರಿ, ಕೂಗಾಡಲಿಲ್ಲ. ಮಕ್ಕಳ ಮಣೆಯ ಮೇಲೆ ಕುಳಿತು ಒಂದು ಮಹಜರು ಬರೆದರು. "ಮೇಷ್ಟ್ರೇ, ಇಲ್ಲೊಂದು ಸಹಿ ಹಾಕಿ. ಓದು ಬಲ್ಲೋರು ಈ ಊರಲ್ಲಿ ನೀವೇ ತಾನೆ?" ಎಂದರು. ಓದಿದೆ. ಹಿಂದಿನ ದಿನ ಸಂಜೆ ಐದು ಗಂಟೆಗೆ, ಗ್ರಾಮ ಚಾಕರಿಯ ತೋಟಿ ಚಿಕ್ಕಣ್ಣನಿಂದ ಊರಿನ ನಾಲ್ಕು ಬೀದಿಗಳಲ್ಲೂ ತಮಟೆ ಬಾರಿಸಿ ನಿಷೇಧಾಜ್ಞೆಯನ್ನು ಸಾರಲಾಯಿತು, ಎಂದಿತ್ತು. ಅದನ್ನು ನಾನು ಕಣ್ಣಾರೆ ಕಂಡೆನೆಂದೂ ಕಿವಿಯಾರೆ ಕೇಳಿದೆನೆಂದೂ ಇತ್ತು.

ಶಂಭುಲಿಂಗಪ್ಪನವರು ಆಮೇಲೆ ನನಗೆ ಬಿಡಿಸಿ ಹೇಳಿದರು. ಆಜ್ಞೆ ಬರೆದು ಕಚೇರಿಯಲ್ಲಿ ಇಟ್ಟುಕೊಂಡರೆ ಸಾಲದು, ಜನಕ್ಕೆ ಸಾರಬೇಕು. ತಿಳಿದಿಲ್ಲದ ಆಜ್ಞೆಯನ್ನು ಮೀರಿದಿರಿ ಎಂದು ಯಾರನ್ನೂ ಶಿಕ್ಷಿಸುವಂತಿಲ್ಲ. ಅಂದರೆ ಇಡೀ ಕೇಸು ನಿಂತದ್ದು ಆ ತಮಟೆಯ ಮೇಲೆ. ಆ ತಮಟೆ ನಿಂತದ್ದು ನನ್ನ ಸಹಿಯ ಮೇಲೆ.

ತಮಟೆ ಬಾರಿಸಲಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಊರಿನಲ್ಲಿ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಆ ಸಂಜೆ ಐದು ಗಂಟೆಗೆ ಚಿಕ್ಕಣ್ಣ ನಮ್ಮ ಮನೆಯ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ನಾನು ಎದುರಿಗೆ ನಿಂತು, ಸಣ್ಣಗೆ ಸೀಳು ಎಂದು ಹೇಳುತ್ತಿದ್ದೆ. ಅದು ತೋಟಿಯ ಕೆಲಸವೂ ಅಲ್ಲ, ಮಾಡಿಸಿಕೊಳ್ಳುವ ಹಕ್ಕು ನನಗೂ ಇರಲಿಲ್ಲ. ಮೊದಲಿದ್ದ ಮೇಷ್ಟ್ರು ಮಾಡಿಸುತ್ತಿದ್ದರು, ನಾನೂ ಮಾಡಿಸಿದೆ. ಕೆಲಸ ಮುಗಿದ ಮೇಲೆ ತೆಂಗಿನ ಚಿಪ್ಪಿನಲ್ಲಿ ಕಾಫಿ ಕೊಟ್ಟೆವು. ಒಳ್ಳೆಯ ಕಾಫಿ... ಇರಲಿ. ಕಾಫಿಯ ಮಾತು ಏಕೆ ಬಂತೋ ಗೊತ್ತಿಲ್ಲ.

ಸಹಿ ಹಾಕಿದೆ. ಅವರು ಹೆದರಿಸಲಿಲ್ಲ, ಹೊಡೆಯಲಿಲ್ಲ. ಸರ್ಕಾರದವರು ಕೇಳಿದರು, ಸರ್ಕಾರಿ ನೌಕರ ಕೊಟ್ಟ. ನಲವತ್ತೇಳರಲ್ಲಿ ಕೆಂಗೇರಿಯ ಕಡೆ ಇದ್ದಾಗಲೂ ಹೀಗೇ ಆಯಿತು. ಮಹಾರಾಜರನ್ನು ಜವಾಬ್ದಾರಿ ಸರ್ಕಾರ ಕೇಳುವ ಚಳವಳಿಗೆ ಹೋದ ಹುಡುಗರ ಹೆಸರು ಕೊಡಿ ಎಂದರು. ಹಾಜರಿ ಪುಸ್ತಕ ನೋಡಿ ಗುಂಡಾದ ಅಕ್ಷರದಲ್ಲಿ ಬರೆದು ಕೊಟ್ಟೆ. ಅಕ್ಷರ ಚೆನ್ನಾಗಿದೆ ಎಂದು ಹೊಗಳಿದರು ಕೂಡ.

ಆ ಸಂಜೆ ಮನೆಗೆ ಹೋಗಿ ನನ್ನ ಹೆಂಡತಿಗೆ ನಡೆದದ್ದನ್ನು ಹೇಳಿದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. "ನೆನ್ನೆ ಚಿಕ್ಕಣ್ಣ ಒಡೆದ ಸೌದೇಲೇ ಅನ್ನ ಮಾಡಿದೀನಿ. ತಟ್ಟೆ ಹಾಕ್ಲಾ?" ಎಂದಳು. ನಾನು ಊಟ ಮಾಡಲಿಲ್ಲ. ಅವಳು ಎರಡನೇ ಸಲ ಕರೆಯಲೂ ಇಲ್ಲ.

ಮೂರು ತಿಂಗಳ ಮೇಲೆ ಕೋರ್ಟಿನಿಂದ ಸಮನ್ಸು ಬಂತು. ಸರ್ಕಾರದ ಪರ ಸಾಕ್ಷಿಗಳು ಇಬ್ಬರು: ಮೊದಲು ಚಿಕ್ಕಣ್ಣ, ಆಮೇಲೆ ನಾನು. ಅಷ್ಟರಲ್ಲಿ ಚಿಕ್ಕಣ್ಣನನ್ನು ಎರಡು ಸಲ ಠಾಣೆಗೆ ಕರೆಸಿದ್ದರು. ಎರಡನೇ ಸಲ ಹಿಂತಿರುಗಿದಾಗ ಅವನ ಒಂದು ಕಿವಿ ಮಂದವಾಗಿತ್ತು. ಏನಾಯಿತೆಂದು ನಾನು ಕೇಳಲಿಲ್ಲ.

ನನ್ನನ್ನು ವರಾಂಡದಲ್ಲಿ ನಿಲ್ಲಿಸಿದ್ದರು. ಒಳಗಿನ ಮಾತು ಸಾಕ್ಷಿ ಕೇಳಬಾರದು. ಆದರೆ ಕಿಟಕಿ ತೆರೆದಿತ್ತು, ಕೇಳಿಸಿಕೊಂಡೆ.

"ತಮಟೆ ಹೊಡೆದೆಯಲ್ಲ?" ಎಂದು ಸರ್ಕಾರಿ ವಕೀಲರು ಕೇಳಿದರು.

"ಇಲ್ಲ ಬುದ್ಧಿ."

"ಸರಿಯಾಗಿ ಜ್ಞಾಪಿಸಿಕೊಂಡು ಹೇಳು."

"ತಮಟೆ ಹೊಡುದ್ರೆ ಊರಿಗೆಲ್ಲಾ ಕೇಳ್ತದೆ ಬುದ್ಧಿ. ನನ್ನೇನು ಕೇಳ್ತೀರ, ಊರನ್ನೇ ಕೇಳಿ."

ಒಳಗೆ ಯಾರೋ ನಕ್ಕರು. ವಕೀಲರ ಧ್ವನಿ ಏರಿತು. "ಹಾಗಾದರೆ ಐದು ಗಂಟೆಗೆ ನೀನು ಎಲ್ಲಿದ್ದೆ?"

ನಾನು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಈಗ ನನ್ನ ಹೆಸರು ಬರುತ್ತದೆ, ಎಂದುಕೊಂಡೆ.

"ಕೆಲ್ಸದ ಮ್ಯಾಲಿದ್ದೆ ಬುದ್ಧಿ."

"ಯಾರ ಮನೆಯಲ್ಲಿ?"

"ಅದ್ಯಾಕೆ ಬುದ್ಧಿ? ಅವ್ರದ್ದು ಸರ್ಕಾರಿ ನೌಕ್ರಿ."

ಸಭಿಕರೇ, ಇಷ್ಟು ವರ್ಷ ಪಾಠ ಹೇಳಿದವನು ನಾನು. ಅವನ ಮೇಲೆ ಸುಳ್ಳು ಬರೆದ ಕಾಗದಕ್ಕೆ ನಾನು ಸಹಿ ಹಾಕಿದ್ದೆ. ಅವನು ಅದೇ ಕೋರ್ಟಿನಲ್ಲಿ ನಿಂತು ನನ್ನ ನೌಕರಿಯನ್ನು ಕಾಯುತ್ತಿದ್ದ.

ನನ್ನನ್ನು ಕರೆದರು. ಸಹಿ ನಿಮ್ಮದೇ? ನನ್ನದೇ. ಓದಿ ಹಾಕಿದಿರಾ? ಓದಿಯೇ ಹಾಕಿದೆ. "ಆದರೆ ಅದರಲ್ಲಿ ಬರೆದಿರುವುದು ಸುಳ್ಳು, ಸ್ವಾಮಿ. ಆ ಹೊತ್ತಿಗೆ ಚಿಕ್ಕಣ್ಣ ನಮ್ಮ ಹಿತ್ತಲಲ್ಲಿದ್ದ. ನಾನು ಎದುರಿಗೇ ನಿಂತಿದ್ದೆ" ಎಂದೆ. ಮ್ಯಾಜಿಸ್ಟ್ರೇಟರು ಅದನ್ನು ಬರೆದುಕೊಂಡರು. ಆ ವಾರವೇ ಇಪ್ಪತ್ತಮೂರು ಜನರೂ ಬಿಡುಗಡೆಯಾದರು. ರಸ್ತೆ ಎಂಟು ಗಜ ಸರಿಯಿತು. ಮುಳ್ಳುತಂತಿ ಹೋಯಿತು. ಇವತ್ತು ನೀವು ಕುಡಿದ ಪಾನಕ ಆ ಬಾವಿಯ ನೀರಿನದೇ.

ತಿಮ್ಮಯ್ಯನವರು ಹೇಳಿದ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಬಿಡುಗಡೆಯಾದ ಮರುದಿನ ಹನುಮಕ್ಕನವರು ಕೈಗೆ ಪಟ್ಟಿ ಕಟ್ಟಿಕೊಂಡು ಶಾಲೆಯ ಬಾಗಿಲಿಗೆ ಬಂದಿದ್ದರು. "ನಿಜ ಹೇಳಕ್ಕೆ ಮೂರು ತಿಂಗ್ಳು ಬೇಕಾಯ್ತಾ ಮೇಷ್ಟ್ರೇ?" ಎಂದು ಕೇಳಿದರು. ನಗುತ್ತಿದ್ದೀರಲ್ಲ ಹನುಮಕ್ಕ, ಅವತ್ತು ನೀವು ನಗಲಿಲ್ಲ.

ಸುಳ್ಳಿಗೆ ಸಹಿ ಹಾಕಿದ್ದಕ್ಕೆ ನನಗೆ ಬಂದದ್ದು ಒಂದು ಮೆಮೊ. ಸಾಹೇಬರೇ, ಅದನ್ನು ತಾವೇ ತಂದುಕೊಟ್ಟಿರಿ, ನೆನಪಿರಬಹುದು. ನಿಜ ಹೇಳಿದ್ದಕ್ಕೆ ಚಿಕ್ಕಣ್ಣನ ತೋಟಿ ಕೆಲಸ ಹೋಯಿತು. ಆ ಕೆಲಸಕ್ಕಾಗಿ ಅವನ ತಾತನ ಕಾಲದಿಂದ ಬಂದಿದ್ದ ಕೆರೆ ಕೆಳಗಿನ ಚೂರು ಜಮೀನೂ ಹೋಯಿತು. ಕರ್ತವ್ಯಲೋಪ ಎಂದು ಬರೆದರು. ಬಾರಿಸು ಎಂದು ಯಾರೂ ಹೇಳದ ತಮಟೆಯನ್ನು ಬಾರಿಸದೆ ಇದ್ದದ್ದು ಯಾವ ಲೋಪ? ಈಗ ಅವನು ಕಲ್ಲುಗಣಿಯಲ್ಲಿ ಜಲ್ಲಿ ಒಡೆಯುತ್ತಾನೆ.

ಅವನು, ಇವನು ಎನ್ನುತ್ತಲೇ ಇದ್ದೇನೆ. ನನಗಿಂತ ಆರು ವರ್ಷಕ್ಕೆ ದೊಡ್ಡವರು. ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಚಿಕ್ಕಣ್ಣನವರು. ಇನ್ನು ಮೇಲೆ ಹಾಗೆನ್ನುತ್ತೇನೆ. ತಪ್ಪಿದರೆ ಮಕ್ಕಳೇ, ತಿದ್ದಿ.

ಹೋದ ಭಾನುವಾರ ಚಿಕ್ಕಣ್ಣನವರ ಮನೆಗೆ ಹೋಗಿದ್ದೆ. ಈ ಊರಿಗೆ ಬಂದ ಎಂಟು ವರ್ಷದಲ್ಲಿ ಅದೇ ಮೊದಲು. ನೀರು ಕೊಟ್ಟರು, ಕುಡಿದೆ. ಸಭೆಯಲ್ಲಿ ಎಲ್ಲವನ್ನೂ ಹೇಳಬೇಕು ಅಂತಿದೀನಿ, ನೀವೂ ಬನ್ನಿ, ಎಂದೆ. "ಹೇಳಿ ಮೇಷ್ಟ್ರೇ. ನಾನು ಬರಲ್ಲ. ಬಂದ್ರೆ ಜನ ನನ್ನ ಮಕ ನೋಡ್ತಾರೆ, ನೀವು ಹೇಳಿದ್ದು ಕೇಳಲ್ಲ" ಎಂದರು. ನನ್ನ ಕೈಯ ಲೋಟ ತೆಗೆದುಕೊಂಡು, "ಜಮೀನು ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ಕರ್ತವ್ಯಲೋಪ ಅಂತ ಬರ್ದವ್ರಲ್ಲ, ಅದುನ್ನ ಹೊಡೆಸಾಕಿ" ಎಂದರು.

ಮಹನೀಯರೇ, ಮೂವತ್ತೊಂದು ವರ್ಷದಲ್ಲಿ ಸಾವಿರ ಮಕ್ಕಳಿಗೆ ಸಹಿ ಮಾಡುವುದನ್ನು ಕಲಿಸಿದ್ದೇನೆ. ಯಾವಾಗ ಸಹಿ ಮಾಡಬಾರದು ಎಂದು ಒಬ್ಬರಿಗೂ ಕಲಿಸಲಿಲ್ಲ. ಸುಳ್ಳು ಕಾಗದಕ್ಕೆ ಬೇಕಾಗುವುದು ಓದು ಬಲ್ಲವನ ಸಹಿ. ಯಾವುದಕ್ಕೆ ಇಲ್ಲ ಎನ್ನಬೇಕೆಂದು ಓದು ಬಾರದ ಚಿಕ್ಕಣ್ಣನವರಿಗೆ ಗೊತ್ತಿತ್ತು. ಬಡಾವಣೆ ಇನ್ನೂ ಬೆಳೆಯುತ್ತದೆ. ಜನ ಇನ್ನೊಮ್ಮೆ ಕೂರುತ್ತಾರೆ, ಲಾರಿಗಳೂ ಇನ್ನೊಮ್ಮೆ ಬರುತ್ತವೆ. ಆ ದಿನ ಓದು ಬಲ್ಲವರು ಕಿಟಕಿ ಮುಚ್ಚಬಾರದು. ಹೊರಗೆ ಬಂದು ನಿಲ್ಲಬೇಕು. ಎಷ್ಟು ನಿಮಿಷ ಕೊಟ್ಟರು, ಮೊದಲು ಯಾರು ಕೈ ಎತ್ತಿದರು, ಯಾರನ್ನು ಎಲ್ಲಿಗೆ ಒಯ್ದರು ಎಂದು ಬರೆಯಬೇಕು. ಠಾಣೆಯವರೆಗೂ ಹಿಂದೆ ಹೋಗಬೇಕು. ಶಾಂತವಾಗಿ ಕೂತು ಕೇಳುವುದು ಜನರ ಹಕ್ಕು. ಸಂವಿಧಾನದಲ್ಲಿ ಬರೆದಿದೆ. ನಾನೇ ಐದು ವರ್ಷ ಅದನ್ನು ಪಾಠ ಮಾಡಿದ್ದೇನೆ, ಪರೀಕ್ಷೆಗೂ ಕೇಳಿದ್ದೇನೆ.

ಸಾಹೇಬರು ಎರಡು ಸಲ ಗಡಿಯಾರ ನೋಡಿಕೊಂಡರು. ಮುಗಿಸುತ್ತೇನೆ.

ಕೆಲಸದಿಂದ ತೆಗೆದ ಆಜ್ಞೆಯ ವಿರುದ್ಧ ಚಿಕ್ಕಣ್ಣನವರ ಮೇಲ್ಮನವಿ ನಾಳೆ ಹತ್ತೂವರೆಗೆ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆಗೆ ಬರುತ್ತದೆ. ಬಾರಿಸು ಎಂದು ಹೇಳಲು ಆ ಸಂಜೆ ಯಾರೂ ಊರಿಗೆ ಬರಲಿಲ್ಲ, ತಮಟೆಯೂ ಕೇಳಿಸಲಿಲ್ಲ ಎಂದು ಸಾಕ್ಷಿ ಹೇಳಲು ಹತ್ತು ಜನ ಬೇಕೆಂದು ಶಂಭುಲಿಂಗಪ್ಪನವರು ಹೇಳಿದ್ದಾರೆ. ನಾನೊಬ್ಬ. ನನ್ನ ಮನೆಯವರು ನಿನ್ನೆಯೇ ಸೀರೆ ಮಡಿಸಿ ಇಟ್ಟಿದ್ದಾರೆ, ಇಬ್ಬರಾದೆವು. ಇನ್ನೆಂಟು ಜನ. ಬರುವವರು ಕೈ ಎತ್ತಿ, ಇಲ್ಲೇ ಹೆಸರು ಬರೆದುಕೊಳ್ಳುತ್ತೇನೆ. ಹನುಮಕ್ಕನವರು. ಮುನಿತಾಯಮ್ಮನವರು. ಬೋರಮ್ಮನವರು. ಹಿಂದೆ ಬೈರಪ್ಪನವರು. ಇನ್ನು ನಾಲ್ಕು. ಸಾಹೇಬರು ನೋಡುತ್ತಿದ್ದಾರೆಂದು ಕೈ ಇಳಿಸಬೇಡಿ, ದೊಡ್ಡಣ್ಣ. ಮೂರು. ಛೇರ್ಮನ್ನರೇ, ಅಧ್ಯಕ್ಷ ಪೀಠದಲ್ಲಿದ್ದವರು ಕೈ ಎತ್ತಬಾರದೆಂದು ಯಾವ ನಿಯಮವೂ ಇಲ್ಲ... ಸಂತೋಷ. ಎರಡು.

ಹಾರ ಕಟ್ಟಿದವರಿಗೆ, ಪಾನಕ ಮಾಡಿದವರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ಆ ಇನ್ನಿಬ್ಬರು ಸಿಗುವವರೆಗೆ ನಾನು ಬಾಗಿಲ ಹತ್ತಿರ ಪುಸ್ತಕ ಹಿಡಿದು ನಿಂತಿರುತ್ತೇನೆ. ನಮಸ್ಕಾರ.