ಕಲೆಯಿಲ್ಲದ ಶರ್ಟು

ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದರ ಮನೋರೋಗ ವಿಭಾಗದೆದುರು ಮಾತ್ರೆಯ ಚೀಟಿ ಹಿಡಿದು ಕೂತಿದ್ದ ಪ್ರಫುಲ್ಲಾಳ ಕಿವಿ, ಹಿಂದಿನ ಬೆಂಚಿನಲ್ಲಿ ಕನ್ನಡ ಕೇಳಿದ್ದೇ ನಿಮಿರಿತು. ತಾಯಿ, ಮಗ.

"ಮಾನೇಸರ್ ಫ್ಯಾಕ್ಟರಿ ಕೆಲಸ ಹೋಗಿ ಐದು ತಿಂಗಳಾಯ್ತಮ್ಮ. ದಿನಾ ಪಾರ್ಕಲ್ಲಿ ಕೂತು ಸಂಜೆ ಮನೆಗೆ ಬರ್ತಿದ್ದೆ."

"ಗೊತ್ತು ಕಣೋ."

"ಯಾವಾಗಿಂದ?"

"ಮೊದಲನೇ ವಾರದಿಂದ್ಲೇ. ಶರ್ಟು ಒಗೆಯೋಳು ನಾನಲ್ವಾ? ಮಷೀನ್ ಎಣ್ಣೆ ಕಲೇನೇ ಇರ್ಲಿಲ್ಲ."

"ಮತ್ತೆ ದಿನಾ ಡಬ್ಬಿ ಯಾಕೆ ಕಟ್ಟಿ ಕೊಡ್ತಿದ್ದೆ?"

"ಪಾರ್ಕಲ್ಲಿ ಕೂತೋನಿಗೆ ಹಸಿವಾಗಲ್ವಾ?"

ಪ್ರಫುಲ್ಲಾ ಚೀಟಿಯನ್ನೇ ನೋಡುತ್ತ ಕೂತಳು.

"ಡಾಕ್ಟರ್‌ಗೆ ಏನಂತ ಹೇಳ್ಲಿ?"

"ನಂಗೆ ಹೇಳಿದ್ದನ್ನೇ ಹೇಳು. ನಿದ್ದೆ ಬರಲ್ಲ ಅನ್ನೋದನ್ನೂ ಹೇಳು."

"ಪಪ್ಪಂಗೆ ಗೊತ್ತಾದ್ರೆ? ಸುಬೇದಾರರ ಮಗ, ಇಂಜಿನಿಯರ್, ಇಂಥಾ ಆಸ್ಪತ್ರೇಲಿ..."

"ಈ ಟೋಕನ್ ಯಾರು ತಂದ್ರು ಅನ್ಕೊಂಡೆ? ಬೆಳಿಗ್ಗೆ ಐದಕ್ಕೇ ಬಂದು ಸಾಲಲ್ಲಿ ನಿಂತಿದ್ರು."

"ವಾಕಿಂಗ್ ಹೋಗ್ತೀನಿ ಅಂದ್ರಲ್ಲ!"

"ನಿನ್ನ ಹಾಗೇ ಕಣೋ ಅವರೂ. ಹೇಳೋದೊಂದು ಕಡೆ, ಹೋಗೋದೊಂದು ಕಡೆ."

"ಇಕ್ತಾಲೀಸ್ ನಂಬರ್!" ಬಾಗಿಲಿನಿಂದ ಕೂಗು ಬಂತು. ನಲವತ್ತೊಂದು, ಅವರದೇ ಟೋಕನ್.

ಮಗ ಎದ್ದ. ತಾಯಿಯ ಕೈಯಲ್ಲಿದ್ದ ಡಬ್ಬಿಯ ಚೀಲವನ್ನು ತಾನೇ ತೆಗೆದುಕೊಂಡು ಒಳಗೆ ನಡೆದ.